ವಿಕ್ಟಿಮ್ ಅಡ್ವೊಕೇಟ್ ನಿಮ್ಮ ಸ್ವಂತ ವಕೀಲರಲ್ಲ: ಸ್ಪಷ್ಟನೆ

ಅಮೆರಿಕದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: “ಮನೆಯಲ್ಲಿ ಹೊಡೆತ ತಿಂದವರಿಗೆ ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಯ ವಿಕ್ಟಿಮ್ ಅಡ್ವೊಕೇಟ್ ಅಂದರೆ ಉಚಿತ ವಕೀಲರು. ಏನು ಹೇಳಿದರೂ ಗುಟ್ಟಾಗಿರುತ್ತದೆ. ಬೇಡ ಅಂದರೆ ಕೇಸ್ ಮುಚ್ಚಿಸುತ್ತಾರೆ.” ಮೂರೂ ತಪ್ಪು.

ಡಿಸ್ಟ್ರಿಕ್ಟ್ ಅಟಾರ್ನಿ ಅಂದರೆ ಸರ್ಕಾರದ ಪರವಾಗಿ ಕ್ರಿಮಿನಲ್ ಕೇಸ್ ನಡೆಸುವ ವಕೀಲರು, ಅಂದರೆ ಪ್ರಾಸಿಕ್ಯೂಟರ್. ವಿಕ್ಟಿಮ್ ಅಡ್ವೊಕೇಟ್ ಆ ಕಚೇರಿಯಲ್ಲಿ ಸಂತ್ರಸ್ತರಿಗೆ ನೆರವಾಗುವ ಸಿಬ್ಬಂದಿ. ಕೇಸ್ ನಡೆಸುವುದು ಸರ್ಕಾರ, ಕೈಬಿಡುವ ತೀರ್ಮಾನವೂ ಪ್ರಾಸಿಕ್ಯೂಟರ್ ಕೈಯಲ್ಲೇ ಇರುತ್ತದೆ. ಗುಟ್ಟಿನ ವಿಷಯದಲ್ಲಂತೂ ಜಾಸ್ತಿ ಎಚ್ಚರ ಬೇಕು. ಆರೋಪಿಗೆ ಅನುಕೂಲವಾಗುವ ಮುಖ್ಯ ಮಾಹಿತಿಯನ್ನು ಪ್ರಾಸಿಕ್ಯೂಟರ್ ಮುಚ್ಚಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರ ಬ್ರೇಡಿ ತೀರ್ಪಿನಲ್ಲಿ ಹೇಳಿದೆ. ನೀವು ಅಡ್ವೊಕೇಟ್ ಹತ್ತಿರ ಆಡಿದ ಮಾತೂ ಇದರಲ್ಲಿ ಸೇರಬಹುದು.

ಹಾಗಂತ ಅವರಿಂದ ದೂರ ಇರಬೇಡಿ. ಕೋರ್ಟ್ ದಿನಾಂಕ ತಿಳಿಸುತ್ತಾರೆ, ವಿಚಾರಣೆಗೆ ಜೊತೆಗೆ ಬಂದು ಕೂರುತ್ತಾರೆ, ಆಸ್ಪತ್ರೆ ಖರ್ಚಿನ ಪರಿಹಾರಕ್ಕೆ ಅರ್ಜಿ ತುಂಬಲು ನೆರವಾಗುತ್ತಾರೆ. ದೂರದ ದೇಶದಲ್ಲಿ ಒಂಟಿಯಾದ ಹೆಣ್ಣುಮಗಳಿಗೆ ಇದು ಸಣ್ಣ ಸಹಾಯವಲ್ಲ. ಮನಸ್ಸು ಬಿಚ್ಚಿ ಮಾತಾಡಬೇಕಿದ್ದರೆ ಸರ್ಕಾರದ ಹೊರಗಿನ ನೆರವು ಸಂಸ್ಥೆಗಳ ಸಲಹೆಗಾರರನ್ನು ಕಾಣಿ. ಹಲವು ರಾಜ್ಯಗಳಲ್ಲಿ ಆ ಮಾತುಕತೆಗೆ ಕಾನೂನಿನ ರಕ್ಷಣೆಯಿದೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಕಳಿಸಿ.