ಕಾವಲಿನಲ್ಲಿ ನಿಂತು ಚೀತಾ ಬಗ್ಗೆ ಎರಡು ಮಾತು

ಹೋದ ಭಾನುವಾರ ಕಡೂರು ತಾಲ್ಲೂಕಿನ ಬಾಸೂರು ಕಾವಲು ಎಂಬ ಹುಲ್ಲುಬಯಲಿಗೆ ಹೋಗಿದ್ದೆ. ಮೊಣಕಾಲೆತ್ತರ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ದೂರದಲ್ಲಿ ಕೃಷ್ಣಮೃಗದ ಹಿಂಡು. ಯಾವುದೋ ಬೈಕಿನ ಸದ್ದಿಗೆ ಒಂದು ಹೆಣ್ಣು ನೆಗೆಯಿತು, ಅದರ ಹಿಂದೆ ಎಲ್ಲವೂ. ಎರಡು ನಿಮಿಷದಲ್ಲಿ ಬಯಲು ಖಾಲಿ. ಆ ಓಟಕ್ಕೆ ಸಾಟಿಯಾದ ಪ್ರಾಣಿ ಈಗ ಇಲ್ಲಿಲ್ಲ, ಆದರೂ ಓಡುತ್ತವೆ.

ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. "ಏನ್ ಸಾಮಿ, ಆಫ್ರಿಕಾದಿಂದ ಚಿರತೆ ತಂದವ್ರಂತಲ್ಲ, ಇಲ್ಲಿಗೂ ಬಿಡ್ತಾರಾ?"

ಚಿರತೆ ಅಲ್ಲ ಯಜಮಾನ್ರೇ, ಚೀತಾ, ಅದೇ ಬೇರೆ ಅಂದೆ.

"ಎರಡೂ ಕುರಿ ತಿಂತವಲ್ಲ, ಬೇರೆ ಹೆಂಗೆ?"

ಅಲ್ಲಿ ತಕ್ಷಣ ಉತ್ತರ ಹೊಳೆಯಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಅರಸೀಕೆರೆ ಕಡೆಯ ನಮ್ಮ ಚಿರತೆ ಬಂಡೆ ಸಂದಿಯಲ್ಲಿ ಮಲಗಿ, ಊರ ನಾಯಿ ತಿಂದುಕೊಂಡಾದರೂ ಬದುಕುತ್ತದೆ. ಚೀತಾಗೆ ಆ ಗಟ್ಟಿತನ ಇಲ್ಲ. ಗರ್ಜಿಸಲೂ ಬರುವುದಿಲ್ಲ, ಹಕ್ಕಿ ಥರ ಚಿಂವ್ ಅನ್ನುತ್ತದೆ. ಚಿರತೆ ಎದುರಾದರೆ ಹಿಡಿದ ಬೇಟೆಯನ್ನೂ ಬಿಟ್ಟು ಸರಿಯಬೇಕು. ಅದರ ಬಂಡವಾಳ ಓಟ ಒಂದೇ. ಓಡಲು ಜಾಗ ಬೇಕು.

ನಮ್ಮ ದೇಶದಲ್ಲಿ ಚೀತಾ ಅಳಿದಿದೆ ಎಂದು 1952ರಲ್ಲೇ ಘೋಷಿಸಿದ್ದರು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8, ಮರುವರ್ಷ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಮಧ್ಯಪ್ರದೇಶದ ಕುನೊ ಕಾಡಿಗೆ ಬಂದವು. ಗುಜರಾತಿನ ಸಿಂಹಗಳನ್ನು ತರುತ್ತೇವೆಂದು 24 ಹಳ್ಳಿಗಳನ್ನು ಎಬ್ಬಿಸಿದ ಕಾಡು ಅದು. ಸಿಂಹ ಇನ್ನೂ ಬಂದಿಲ್ಲ, ಅದು ಬೇರೆ ಕಥೆ ಬಿಡಿ.

ಆಮೇಲೆ ಸಾವುಗಳು. ನನಗೆ ಜಾಸ್ತಿ ಕಾಡಿದ್ದು ಕೊರಳಪಟ್ಟಿಯ ವಿಷಯ. ದಕ್ಷಿಣ ಆಫ್ರಿಕಾದಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ. ಹಳೇ ಲೆಕ್ಕದಲ್ಲೇ ಅವುಗಳ ಮೈಯಲ್ಲಿ ದಟ್ಟ ಕೂದಲು ಬಂತು. ಇಲ್ಲಿ ನೋಡಿದರೆ ಆಗ ಮಳೆಗಾಲ! ಓಡಾಟ ತಿಳಿಯಲೆಂದು ಕೊರಳಿಗೆ ಕಟ್ಟಿದ ರೇಡಿಯೋ ಕಾಲರ್ ಕೆಳಗೆ ತೇವ ನಿಂತು, ಹುಣ್ಣಾಗಿ, ಹುಳ ಬಿದ್ದು, ನಂಜೇರಿ 2023ರಲ್ಲಿ ಮೂರು ಚೀತಾ ಸತ್ತವು. ಮಳೆಗಾಲದಲ್ಲಿ ದನದ ಕೊರಳ ಹಗ್ಗದಡಿ ಹುಣ್ಣಾಗುವುದು ಕೊಟ್ಟಿಗೆ ಇರುವ ಯಾರಿಗೆ ಗೊತ್ತಿಲ್ಲ ಹೇಳಿ? ನಮ್ಮಮ್ಮ ಆಷಾಢದಲ್ಲಿ ದಿನಾ ಹಗ್ಗ ಸಡಿಲಿಸಿ, ಕೈ ಹಾಕಿ ನೋಡುತ್ತಿದ್ದರು. ಆದರೆ ಚೀತಾ ಕೊರಳಿಗೆ ದಿನಾ ಕೈ ಹಾಕಲು ಆಗುತ್ತದೆಯೇ?

ಅದೇ ವರ್ಷ ಮೇ ಬಿಸಿಲಿಗೆ ಜ್ವಾಲಾ ಎಂಬ ಹೆಣ್ಣು ಚೀತಾದ ನಾಲ್ಕು ಮರಿಗಳಲ್ಲಿ ಮೂರು ಹೋದವು. ಉಳಿದ ಒಂದೇ ಒಂದು ಹೆಣ್ಣುಮರಿ ಮುಖಿ. 2025ರ ನವೆಂಬರ್‌ನಲ್ಲಿ ಅವಳೇ ಐದು ಮರಿ ಹಾಕಿದಳು. ನಿಜ ಹೇಳುತ್ತೇನೆ, ಸುದ್ದಿ ಓದಿ ಖುಷಿಯಾಯಿತು. ಒಂದು ಸತ್ತಾಗ "ಯೋಜನೆ ಮುಗೀತು", ಮರಿ ಹಾಕಿದಾಗ "ಗೆದ್ದೆವು" ಎನ್ನುವ ಪೋಸ್ಟುಗಳು ಮಾತ್ರ ಸುಮ್ನೆ ಗದ್ದಲ. ಹುಟ್ಟಿದ ಮರಿಗಳು ದೊಡ್ಡವಾಗಿ ಎಲ್ಲಿಗೆ ಹೋಗುತ್ತವೆ ಅಂತ ಕೇಳುವವರು ಕಮ್ಮಿ. ಕುನೊ ಉದ್ಯಾನ 748 ಚದರ ಕಿಲೋಮೀಟರ್. ಚೀತಾ ಒಂದೇ ನೂರಾರು ಚದರ ಕಿಲೋಮೀಟರ್ ಸುತ್ತುವ ಪ್ರಾಣಿ. 2025ರ ಮಾರ್ಚ್‌ನಲ್ಲಿ ಜ್ವಾಲಾ ಮತ್ತು ಮರಿಗಳು ಕಾಡಿನಾಚೆ ಒಂದು ಕರುವಿನ ಮೇಲೆ ಬಿದ್ದಾಗ ಹಳ್ಳಿಯವರು ಕಲ್ಲು ತೂರಿದರು. ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕರು ಅವರದು.

ಚೀತಾಗೆ ಬೇಕಾದಂಥ ನೆಲವನ್ನು ನಾವು ಕಾಡು ಅಂತ ಲೆಕ್ಕಕ್ಕೇ ಇಡುವುದಿಲ್ಲ, ಅಲ್ವಾ? ಮೈಸೂರು ಅರಸರು ಅಮೃತಮಹಲ್ ದನಗಳಿಗೆಂದು ಬಿಟ್ಟ ಕಾವಲುಗಳು ನಮ್ಮ ಕಣ್ಣಿಗೆ ಬೀಳು, ಖರಾಬು. ಖಾಲಿ ಕಂಡರೆ ಗಿಡ ನೆಡಬೇಕು, ಇಲ್ಲವೇ ಕಟ್ಟಡ ಎಬ್ಬಿಸಬೇಕು. ಹುಲ್ಲು ಹುಲ್ಲಾಗಿಯೇ ಇರಲಿ ಅಂದರೆ ನಗುತ್ತಾರೆ. ಟಿಪ್ಪುವಿನ ಬಳಿ ಬೇಟೆಗೆ ಪಳಗಿಸಿದ ಚೀತಾಗಳಿದ್ದವು, ಕೃಷ್ಣಮೃಗದ ಹಿಂದೆ ಬಿಡಲೆಂದೇ ಅಂಥವನ್ನು ಸಾಕುತ್ತಿದ್ದರು. ಆ ಆಟ ಹುಲ್ಲುಬಯಲಲ್ಲಿ ಮಾತ್ರ ನಡೆಯುವಂಥದ್ದು.

ಬಾಸೂರು ಕಾವಲು ಕೃಷ್ಣಮೃಗಕ್ಕೆಂದು ಮೀಸಲಾಗಿ ಉಳಿದಿದೆ, ಪುಣ್ಯ. ಉಳಿದದ್ದಾದರೂ ಎಷ್ಟು? ಸುಮಾರು 7 ಚದರ ಕಿಲೋಮೀಟರ್. ಅದರಾಚೆ ಬೋರ್‌ವೆಲ್, ಅಡಿಕೆ, ತಂತಿಬೇಲಿ.

ಹೊರಡುವಾಗ ಯಜಮಾನರಿಗೆ ಹೇಳಿದೆ, "ಇಲ್ಲಿಗೆಲ್ಲ ಬಿಡಲ್ಲ ಬಿಡಿ, ಜಾಗ ಸಾಲಲ್ಲ."

"ನಮ್ ಕುರಿಗೇ ಸಾಲ್ತಿಲ್ಲ" ಎನ್ನುತ್ತಾ ಎದ್ದು, ಟವೆಲ್ ಕೊಡವಿ, ಮಂದೆ ತಿರುಗಿಸಿಕೊಂಡು ಹೊರಟರು.