ಕಾದಂಬರಿ ಓದಿದರೆ ಮೆದುಳು ಶಾಶ್ವತವಾಗಿ ಬದಲಾಗುತ್ತದೆಯೇ? ಒಂದು ಸ್ಪಷ್ಟನೆ

‘ಒಂದೇ ಒಂದು ಕಾದಂಬರಿ ಓದಿದರೆ ಮೆದುಳಿನ ರಚನೆ ಶಾಶ್ವತವಾಗಿ ಬದಲಾಗುತ್ತದೆ, ಪರರ ಮನಸ್ಸು ಅರಿಯುವ ಶಕ್ತಿ ಕೂಡಲೇ ಹೆಚ್ಚುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಮೊದಲನೆಯದಕ್ಕೆ ಆಧಾರವಾಗಿ ತೋರಿಸುವುದು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ 2013ರ ಅಧ್ಯಯನವನ್ನು. ಅದರಲ್ಲಿ ಭಾಗವಹಿಸಿದವರು ಕೇವಲ 21 ಮಂದಿ. 19 ದಿನ ಅವರ ಮೆದುಳಿನ ಸ್ಕ್ಯಾನ್ ನಡೆಯಿತು. ನಡುವಿನ ಒಂಬತ್ತು ದಿನ ಸಂಜೆ ಕಾದಂಬರಿಯ ಒಂದೊಂದು ಭಾಗ ಓದಿದರು. ಓದಿನ ದಿನಗಳಲ್ಲಿ ಭಾಷೆಗೆ ಸಂಬಂಧಿಸಿದ ಭಾಗಗಳ ಸಂಪರ್ಕ, ಅಂದರೆ ಅವು ಇತರ ಭಾಗಗಳ ಜೊತೆಜೊತೆಗೆ ಚಟುವಟಿಕೆ ತೋರುವುದು, ಹೆಚ್ಚಿತು, ಓದು ಮುಗಿದ ಬಳಿಕ ತಗ್ಗಿತು. ದೇಹದ ಸಂವೇದನೆಗೆ ಸಂಬಂಧಿಸಿದ ಭಾಗದಲ್ಲಿ ಮಾತ್ರ ಬದಲಾವಣೆ ಮುಂದಿನ ಐದು ದಿನಗಳ ಸ್ಕ್ಯಾನ್‌ನಲ್ಲೂ ಉಳಿದಿತ್ತು. ಆಮೇಲೆ ಯಾರೂ ಅಳೆಯಲಿಲ್ಲ. ಐದು ದಿನ ‘ಶಾಶ್ವತ’ವಾದದ್ದು ಸಂದೇಶ ಕೈಯಿಂದ ಕೈಗೆ ದಾಟುವಾಗಲೇ ಇರಬೇಕು! ಅಲ್ಲದೆ ಅಳೆದದ್ದು ಸಂಪರ್ಕವನ್ನು, ರಚನೆಯನ್ನಲ್ಲ. ಕಾದಂಬರಿ ಓದದವರ ಗುಂಪಿನೊಂದಿಗೆ ಹೋಲಿಕೆಯೂ ಇರಲಿಲ್ಲ.

ಎರಡನೆಯ ಮಾತು 2013ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗದ್ದು. ಸಾಹಿತ್ಯಕ ಕಥೆಯ ತುಣುಕು ಓದಿದವರು, ಕಣ್ಣುಗಳ ಚಿತ್ರ ನೋಡಿ ಭಾವ ಗುರುತಿಸುವ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು. 2016ರಲ್ಲಿ ಮತ್ತು 2018ರಲ್ಲಿ ಬೇರೆ ತಂಡಗಳು ಅದನ್ನೇ ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. 2018ರಲ್ಲಿ 14 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಸಂಶೋಧಕರಿಗೆ ಪರಿಣಾಮ ಕಂಡಿತು, ಆದರೆ ತೀರಾ ಚಿಕ್ಕದು.

ಕಾದಂಬರಿ ಓದಲು ಇಂಥ ಪ್ರಮಾಣಪತ್ರ ಬೇಕೆಂದು ನನಗಂತೂ ಅನಿಸುವುದಿಲ್ಲ. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಕಳುಹಿಸಿ.