ಸಿಕ್ಕಿದ್ದು ಸರಿ, ತಪ್ಪಿಹೋಗಿದ್ದು ಎಷ್ಟು?

ನಾಲ್ಕು ತಿಂಗಳಿಂದ ಬಿಡುವಾದಾಗೆಲ್ಲ ಇನ್ಫರ್ಮೇಶನ್ ರಿಟ್ರೀವಲ್ ಓದ್ತಿದ್ದೀನಿ. ಸರ್ಚ್ ಬಾಕ್ಸಲ್ಲಿ ಎರಡು ಪದ ಕುಟ್ಟಿದರೆ ರೆಪ್ಪೆ ಬಡಿಯೋದರೊಳಗೆ ಉತ್ತರ ಬರುತ್ತಲ್ಲ, ಅದರ ಹಿಂದಿನ ವಿದ್ಯೆ. ಎಲ್ಲರೂ ರ‍್ಯಾಂಕಿಂಗ್ ಬಗ್ಗೆಯೇ ಮಾತಾಡ್ತಾರೆ, ಯಾವುದು ಮೇಲೆ ಬರಬೇಕು, ಯಾವುದು ಕೆಳಗೆ ಅಂತ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಪಟ್ಟಿಗೇ ಬಾರದೆ ಉಳಿದದ್ದು ಎಷ್ಟು ಅನ್ನೋದನ್ನ ಯಾವ ಸರ್ಚೂ ಹೇಳಲ್ಲ.

ಶುರು ಮಾಡಿದ್ದು ಇನ್ವರ್ಟೆಡ್ ಇಂಡೆಕ್ಸ್‌ನಿಂದ. ಹೆಸರು ಕೇಳಿ ಹೆದರಬೇಡಿ, ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತಲ್ಲ, ಅದೇ. ಯಾವ ಪದ ಯಾವ ಬರಹದಲ್ಲಿದೆ ಅಂತ ಮೊದಲೇ ಬರೆದಿಟ್ಟುಕೊಳ್ಳೋದು. ನನ್ನವೇ 300 ಹಳೆಯ ಪೋಸ್ಟ್ ತಗೊಂಡು ಪೈಥಾನ್‌ನಲ್ಲಿ ಒಂದನ್ನ ಕಟ್ಟಿದೆ. "ಮಳೆ" ಅಂತ ಹುಡುಕಿದೆ. ಬಂದದ್ದು ಆರು. ಮಳೆ ಬಗ್ಗೆ ನಾನು ಕೊರೆದಿದ್ದು ಅಷ್ಟು ಕಮ್ಮಿ ಇರೋಕೆ ಸಾಧ್ಯವೇ ಇಲ್ಲ! ತೆಗೆದು ನೋಡಿದರೆ ಮಳೆಗೆ, ಮಳೆಯಲ್ಲಿ, ಮಳೆಯಿಂದ, ಮಳೆಯೂ ಎಲ್ಲ ಬೇರೆ ಬೇರೆ ಪದಗಳಾಗಿ ಕೂತಿವೆ.

ಇಂಗ್ಲಿಷ್‌ಗಾದರೆ ಪದದ ಬಾಲ ಕತ್ತರಿಸೋ ನಿಯಮಗಳನ್ನ ಮಾರ್ಟಿನ್ ಪೋರ್ಟರ್ 1980ರಲ್ಲೇ ಬರೆದಿಟ್ಟಿದ್ದಾರೆ. ನಾನೂ ಕತ್ತರಿ ಹಿಡಿದೆ. ಕೊನೆಯ "ಗೆ" ತೆಗೆ ಅಂದೆ. ಮಳೆಗೆ ಸರಿಯಾಗಿ ಮಳೆ ಆಯ್ತು. ನಗೆ ಬರೀ "ನ" ಆಯ್ತು, ಹೊಗೆ "ಹೊ" ಆಯ್ತು. ಮಳೆಯಲ್ಲಿ ನಡುವೆ ನುಗ್ಗಿದ ಯಕಾರಕ್ಕೆ ದಾರಿ ಹುಡುಕುವಾಗ ಶಾಲೆಯಲ್ಲಿ ಬಾಯಿಪಾಠ ಮಾಡಿದ ಆಗಮ ಸಂಧಿ ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು. (ಮೇಷ್ಟ್ರು ಕೇಳಿದ್ದರೆ ನಂಬುತ್ತಿರಲಿಲ್ಲ.)

ಆಮೇಲೆ 1985ರ ಒಂದು ಅಧ್ಯಯನ ಕೈಗೆ ಸಿಕ್ತು. ಡೇವಿಡ್ ಬ್ಲೇರ್ ಮತ್ತು ಎಂ. ಇ. ಮರೋನ್ ಮಾಡಿದ್ದು, ಕಂಪ್ಯೂಟರಲ್ಲಿ ಪದ ಕೊಟ್ಟು ದಾಖಲೆ ಹುಡುಕಿದರೆ ಎಷ್ಟು ಸಿಗುತ್ತೆ ಅಂತ ನೋಡೋಕೆ. ಒಂದು ದೊಡ್ಡ ಮೊಕದ್ದಮೆ, ಸುಮಾರು 40,000 ದಾಖಲೆ, ಮೂರೂವರೆ ಲಕ್ಷ ಪುಟ. ಬೇಕಾದದ್ದರಲ್ಲಿ ಕನಿಷ್ಠ ಶೇ. 75 ಸಿಗಬೇಕು ಅನ್ನೋದು ವಕೀಲರ ಷರತ್ತು. ಅಷ್ಟು ಸಿಕ್ಕಿದೆ ಅಂತಲೇ ಅವರು ನಂಬಿದ್ದರು. ನಿಜಕ್ಕೂ ಸಿಕ್ಕಿದ್ದು ಶೇ. 20ರಷ್ಟು! ಮೋಸ ಹೋಗಿದ್ದು ಯಾಕೆ ಅಂದರೆ, ಕೈಗೆ ಬಂದ ದಾಖಲೆಗಳಲ್ಲಿ ಹೆಚ್ಚಿನವು ಸರಿಯಾದವೇ ಆಗಿದ್ದವು. ಪ್ರಿಸಿಶನ್ (ಸಿಕ್ಕಿದ್ದರಲ್ಲಿ ಸರಿಯಾದದ್ದು ಎಷ್ಟು) ಚೆನ್ನಾಗಿದ್ದರೆ ರೀಕಾಲ್ (ಸರಿಯಾದದ್ದರಲ್ಲಿ ಸಿಕ್ಕಿದ್ದು ಎಷ್ಟು) ಕೆಟ್ಟಿರೋದು ಕಾಣಲ್ಲ.

ಅದರಲ್ಲಿ ನನಗೆ ಮರೆಯಲಾಗದ್ದು ಒಂದಿದೆ. ವಕೀಲರ ಕಡೆಯವರು ಹುಡುಕಿದ್ದು "ಅಪಘಾತ" ಅಂತ. ದಾಖಲೆಗಳಲ್ಲಿ ಆ ಘಟನೆಯನ್ನ ಬೈದು ಬರೆದವರು ಹಾಗೇ ನೇರವಾಗಿ "ಅಪಘಾತ" ಅಂದಿದ್ದರು. ತಪ್ಪು ಯಾರ ತಲೆಗೆ ಬರಬಹುದಿತ್ತೋ ಅವರು ಮಾತ್ರ ಅದನ್ನ "ದುರದೃಷ್ಟಕರ ಪರಿಸ್ಥಿತಿ", "ತೊಂದರೆ" ಅಂತ ಮೆಲ್ಲಗೆ ಸವರಿಬಿಟ್ಟಿದ್ದರು. ಅಂದರೆ ಮುಖ್ಯವಾದ ಕಾಗದಗಳೇ ಕೈತಪ್ಪೋ ಸಂಭವ ಹೆಚ್ಚು.

"ಈಗ ವೆಕ್ಟರ್ ಸರ್ಚ್ ಬಂದಿದೆ, ಅರ್ಥ ಹಿಡಿದು ಹುಡುಕುತ್ತೆ, ಹಳೇ ಪುರಾಣ ಯಾಕೆ" ಅಂತ ಸ್ನೇಹಿತರು ಕೇಳ್ತಾರೆ. ಅಪಘಾತ, ತೊಂದರೆ ಎರಡನ್ನೂ ಅದು ಹತ್ತಿರ ತರುತ್ತೆ, ಒಪ್ಪಿದೆ. ಆದರೆ ಬಿಡಿಭಾಗದ ನಂಬರೋ ಅಪರೂಪದ ಹೆಸರೋ ಕೊಟ್ಟು ನೋಡಿ, ಅದನ್ನೇ ಹೋಲುವ ಇನ್ಯಾವುದನ್ನೋ ತಂದಿಡೋದುಂಟು. ಅದಕ್ಕೇ ಇವತ್ತಿಗೂ ಎಷ್ಟೋ ಕಡೆ ಹಳೆಯ ಬಿಎಂ25 (ಪದಗಳನ್ನೇ ಹೊಂದಿಸಿ ಅಂಕ ಕೊಡೋ ಸೂತ್ರ) ಪಕ್ಕದಲ್ಲೇ ಇದನ್ನ ಕೂರಿಸಿರ್ತಾರೆ. ಯಾವುದನ್ನೇ ಹಾಕಿದರೂ ತಪ್ಪಿಹೋಗಿದ್ದನ್ನ ಎಣಿಸಬೇಕಾದರೆ ಮನುಷ್ಯರು ಕೂತು ಓದಲೇಬೇಕು. ಆ ಬೋರು ಹೊಡೆಸೋ ಕೆಲಸ ಮಾಡದೆ "ನಮ್ಮ ಸರ್ಚ್ ಸೂಪರ್" ಅನ್ನೋರನ್ನ ನಾನಂತೂ ನಂಬಲ್ಲ.

ಹೇಳಿದ ಮೇಲೆ ಮಾಡಬೇಕಲ್ಲ, ಭಾನುವಾರ ಕೂತು 300 ಪೋಸ್ಟನ್ನೂ ಓದಿ ಗುರುತು ಹಾಕಿದೆ. ಮಳೆಯದ್ದು 31 ಇದ್ದವು. ಕತ್ತರಿ ಸರಿಮಾಡಿದ ಮೇಲೂ ಸಿಕ್ಕಿದ್ದು 22. ಉಳಿದ ಒಂಬತ್ತರಲ್ಲಿ ಮಳೆ ಅನ್ನೋ ಪದವೇ ಇಲ್ಲ. ಒಂದರಲ್ಲಿ ಇದ್ದದ್ದು ಇಷ್ಟೇ: "ಮೂರು ದಿನ ಆಯ್ತು, ಬಟ್ಟೆ ಒಣಗ್ತಿಲ್ಲ."